ಲೋಹದ ಮೇಲೆ ನಿಂತ ಹನಿ

ಅದ್ದೋ ಅಕ್ಕ ಮಂಗಳವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡಳು. ತೊಡೆಗೆ ಹಾಕಿದ್ದ ಸರಳಿನ ಸುತ್ತ ಕೀವಾಗಿ, ನಂಜು ರಕ್ತಕ್ಕೇರಿತ್ತು.

ಮುರಿದ ಮೂಳೆಯೊಳಗೆ ಕೂರಿಸುವ ಲೋಹದ ಸರಳುಗಳಿಗೆ ಪಾಲಿಮರ್ ಲೇಪನ ಕೊಡುವುದು ಅವಳ ಕಸುಬು. ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಆ ಪದರ ಬ್ಯಾಕ್ಟೀರಿಯಾವನ್ನು ಹತ್ತಿರ ಸೇರಿಸದು. ಮೂಳೆಯ ಜೀವಕೋಶಗಳಿಗೆ ಮಾತ್ರ ಜಾಗ ಕೊಡುತ್ತದೆ. "ಕಳ್ಳನಿಗೆ ಅಗುಳಿ, ನೆಂಟನಿಗೆ ಚಾಪೆ" ಎನ್ನುತ್ತಿದ್ದಳು. ಸರಳನ್ನು ದ್ರಾವಣದಲ್ಲಿ ಅದ್ದಿ, ಉಸಿರು ಬಿಗಿಹಿಡಿದು ಮೆಲ್ಲಗೆ ಎತ್ತುವಳು. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಅದ್ದೋ ಅಕ್ಕ. ಒಲೆಯಲ್ಲಿ ಒಣಗಿದ ಮೇಲೆ ಒಂದು ಹನಿ ನೀರು. ಹನಿ ಹರಡಿಕೊಂಡರೆ ಲೇಪನ ಕೂತಿದೆ. ಮಣಿಯಂತೆ ನಿಂತರೆ ಲೋಹ ಇನ್ನೂ ಬರಿಮೈ.

ಕಾರ್ಖಾನೆ ಅವಳ ತಮ್ಮನದು. ತಾಯಿಯಿಲ್ಲದ ಅವನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು ಅವಳೇ. ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ಒಮ್ಮೆ ಬಚ್ಚಲಲ್ಲಿ ಜಾರಿ ತೊಡೆ ಮುರಿದುಕೊಂಡಳು. ಶಸ್ತ್ರಚಿಕಿತ್ಸೆಗೆ ಮುಂಚೆ ನರ್ಸ್ ಸರಳಿನ ಪೊಟ್ಟಣ ತೋರಿಸಿದಾಗ ತಮ್ಮ ಅದನ್ನು ತಿರುಗಿಸಿ ಬ್ಯಾಚಿನ ನಂಬರು ನೋಡಿ, "ನಮ್ಮ ಮಾಲೇ ಅಕ್ಕಾ, ಹೆದರ್ಬೇಡ" ಎಂದ.

"ಇಷ್ಟು ವರ್ಷ ಊರಿಗೆಲ್ಲ ಅದ್ದಿದ್ದಾಯ್ತು, ಈಗ ನನ್ನ ಸರದಿ!" ಎಂದು ಅವಳು ನಕ್ಕಳು.

ಗಾಯ ಮಾಯಲಿಲ್ಲ. ಸರಳು ತೆಗೆದರೂ ಜ್ವರ ಇಳಿಯಲಿಲ್ಲ. ಲೇಪನವಿದ್ದರೂ ಒಮ್ಮೊಮ್ಮೆ ಹೀಗಾಗುತ್ತದೆಂದರು ಡಾಕ್ಟರು. ತನ್ನ ಕಸುಬು ಸುಳ್ಳೋ, ತಮ್ಮನ ಮಾತು ಸುಳ್ಳೋ? ಅದನ್ನು ತಿಳಿಯದೆ ಕಣ್ಣು ಮುಚ್ಚಲು ಅವಳಿಗೆ ಮನಸ್ಸಿರಲಿಲ್ಲ. ಪ್ರತಿ ಬ್ಯಾಚಿನಿಂದ ಒಂದು ಸರಳನ್ನು ಕಾರ್ಖಾನೆಯಲ್ಲೇ ಎತ್ತಿಡುವುದು ರೂಢಿ. ತನ್ನ ಸರಳಿನ ಬ್ಯಾಚಿನದನ್ನು ತರಲು, ಒಲೆ ನೋಡಿಕೊಳ್ಳುವ ಗೆಳತಿಗೆ ಹೇಳಿದಳು.

ಗೆಳತಿ ತಂದಾಗ ತಮ್ಮನೂ ಮಂಚದ ಬಳಿ ಇದ್ದ. ಅಕ್ಕ ಪೊಟ್ಟಣ ಒಡೆದಳು. ಚಮಚದ ತುದಿಯಿಂದ ಸರಳಿನ ಮೇಲೆ ಹನಿ ಬಿಟ್ಟಳು.

ಹನಿ ಮಣಿಯಂತೆ ನಿಂತಿತು.

"ನೀನೇ ಹಾಕೋ. ನನ್ನಿಂದ್ಲೇ ಏನೋ ತಪ್ಪಾಗಿರ್ಬೇಕು," ಎಂದಳು ತಮ್ಮನಿಗೆ.

ಅವನು ಚಮಚ ಮುಟ್ಟಲಿಲ್ಲ. "ದ್ರಾವಣ ಕೆಟ್ಟಿತ್ತಕ್ಕಾ. ಅದೊಂದು ಸಲ ಲೇಪನ ಇಲ್ದೆ ಹಾಗೇ ಕಳಿಸ್ಬಿಟ್ಟೆ."

"ನನಗೆ ಹಾಕೋವಾಗ ಗೊತ್ತಿತ್ತಾ?"

"ಇದು ಬೇಡ ಅಂದಿದ್ರೆ, ಯಾಕೆ ಅಂತ ಡಾಕ್ಟ್ರು ಕೇಳ್ತಿದ್ರು."

"ಉಂಡ ಮನೆಗೇ ಎರಡು ಬಗೆದ್ರಲ್ಲ ಸ್ವಾಮಿ!" ಎಂದು ಗೆಳತಿ ಎದ್ದಳು.

"ಸುಮ್ನಿರೇ," ಎಂದಳು ಅಕ್ಕ. ಖಾಲಿ ಪೊಟ್ಟಣ ಎತ್ತಿಕೊಂಡು, 'ಲೇಪನ ಹಾಕಿದೆ' ಎಂದಿದ್ದ ಚೀಟಿಯನ್ನು ಉಗುರಿನಿಂದ ಹರಿಯದಂತೆ ಮೆಲ್ಲಗೆ ಎಬ್ಬಿಸಿದಳು. ತಮ್ಮನ ಕೈ ಹಿಡಿದು ಬಿಡಿಸಿ, ಅದನ್ನು ಅವನ ಅಂಗೈಗೆ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿದಳು.