ಭೋಂಗಾ ಕೂಗಿದಾಗ ಒಳಗೆ ಓಡುವವರು

ಮಸ್ಕತ್ತಿನ ಹತ್ತಿರದ ಸುಣ್ಣಕಲ್ಲಿನ ಗಣಿಯಲ್ಲಿ ಹಲವು ವರ್ಷ ದುಡಿದು ನಾನು ಸಂಪಾದಿಸಿದ ಮುಖ್ಯ ಆಸ್ತಿ ಒಂದು ಕೆಟ್ಟ ಅಭ್ಯಾಸ: ಭೋಂಗಾ, ಅಂದರೆ ಗಣಿಯ ಸೈರನ್, ಕೂಗಿದರೆ ಬಯಲಿಗೆ ಓಡುವುದು. ಬಂಡೆ ಸಿಡಿಸುವಾಗಿನ ಅದುರಿಗೆ ಕುಸಿದೀತೆಂದು ಅಲ್ಲಿ ಯಾರೂ ಛಾವಣಿಯ ಕೆಳಗಿರಕೂಡದು.

ಶಹಾಬಾದಿನ ನನ್ನ ಅಕ್ಕನ ಮನೆಯಲ್ಲಿ ಶಾಸ್ತ್ರವೇ ಬೇರೆ. ಗಣಿಯ ಭೋಂಗಾ ಕೇಳಿದೊಡನೆ ಅಂಗಳದಲ್ಲಿದ್ದವರು ಒಳಗೆ ಓಡುತ್ತಾರೆ. ನಾಗಂದಿಗೆಯ ಮೇಲಿನ ಕಪ್ಪುಬಸಿ ಉರುಳದಂತೆ ಕೈ ಅಡ್ಡ ಹಿಡಿದು, ಮಹಾಮಂಗಳಾರತಿಗೆ ನಿಂತವರ ಗಾಂಭೀರ್ಯದಿಂದ ನಿಲ್ಲುತ್ತಾರೆ. ನೆಲ ಗುಡುಗುತ್ತದೆ, ಮಾತು ಮಾತ್ರ ನಿಲ್ಲುವುದಿಲ್ಲ. ಹುಡುಗನಾಗಿದ್ದಾಗ ನಾನೂ ಹೀಗೇ ನಿಂತವನು. ಇದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ.

ಹೋದ ಬೇಸಿಗೆಯಲ್ಲಿ ಬಂದವನು ಮೊದಲ ದಿನವೇ ಭೋಂಗಾ ಕೇಳಿ, ಚಪ್ಪಲಿಯನ್ನೂ ಮೆಟ್ಟದೆ ಓಣಿಗೆ ಓಡಿದೆ.

"ಮಸ್ಕತ್ ಸಾಹೇಬ್ರ, ಯಾಕ್ರಿ, ಬಸ್ ತಪ್ತದೇನು?" ಎಂದು ಭಾವ ಬಾಗಿಲಿನಿಂದ ಕೂಗಿದರು. ಓಣಿಯೆಲ್ಲ ನಕ್ಕಿತು.

ನಗು ಮುಗಿದ ಮೇಲೆ ಒಳಗೆ ಹೋಗಿ ಮೇಲೆ ನೋಡಿದೆ. ಅಡುಗೆಮನೆಯ ಛಾವಣಿಯ ಫರ್ಸಿಕಲ್ಲಿನಲ್ಲಿ, ಸರಿಯಾಗಿ ಅಕ್ಕ ನಿಲ್ಲುವ ಜಾಗದ ಮೇಲೆ, ಒಂದು ಸೀಳು. ಭಾವ ಮೆತ್ತಿದ್ದ ಸಿಮೆಂಟು ಉದುರಿಹೋಗಿತ್ತು. ಪೊರಕೆಕಡ್ಡಿ ಸಲೀಸಾಗಿ ಒಳಗೆ ಹೋಯಿತು.

"ಅಕ್ಕಾ, ಇದು ಯಾವಾಗಿಂದ ಅದ?"

"ಭಾಳ ದಿನ ಆತು. ಸೋರಂಗಿಲ್ಲ."

"ಸೋರೂದು ಬಿಡು, ತಲಿಮ್ಯಾಲ ಬೀಳ್ತದ!"

"ಬೀಳೂದಿದ್ರ ಇಷ್ಟೊತ್ತಿಗೆ ಬೀಳ್ತಿತ್ತು. ಕುಂದ್ರು, ಚಾ ಮಾಡ್ತೀನಿ."

ಈ ತರ್ಕದ ಮುಂದೆ ನನ್ನ ವಿಲಾಯಿತಿ ಜ್ಞಾನ ತಲೆಬಾಗಿತು. ಆದರೂ ಒಂದು ಉಪಾಯ ಹೂಡಿದೆ. ಕಪ್ಪುಬಸಿಯನ್ನೆಲ್ಲ ಇಳಿಸಿ ಪಡಸಾಲೆಯ ಮೂಲೆಯಲ್ಲಿಟ್ಟೆ. ಹಿಡಿಯಲು ಏನೂ ಇಲ್ಲದಿದ್ದರೆ ಒಳಗೆ ಯಾಕೆ ಹೋದಾಳು?

ಮರುದಿನ ಅಕ್ಕ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಾಗ ಭೋಂಗಾ ಕೂಗಿತು. ಎದ್ದವಳು ನೇರ ಅಡುಗೆಮನೆಗೆ ನಡೆದಳು. ಬರಿದಾದ ನಾಗಂದಿಗೆಗೆ ಎರಡೂ ಕೈ ಕೊಟ್ಟು ನಿಂತಳು.

"ಅಲ್ಲೇನದ ಅಕ್ಕಾ? ಹೊರಗ ಬಾ!"

"ಏನೂ ಇಲ್ಲ ನೋಡು," ಎಂದು ತಾನೇ ನಕ್ಕಳು. "ಕಾಲು ತಾವೇ ಬಂದ್ವು." ನಕ್ಕಳೇ ಹೊರತು ಕದಲಲಿಲ್ಲ.

ನಾನು ಕಲಿತ ಪಾಠದಂತೆ ಬಯಲಲ್ಲಿ ಕ್ಷೇಮವಾಗಿದ್ದೆ. ಮೊದಲ ಸಿಡಿತಕ್ಕೇ ಅವಳ ಕೂದಲ ಮೇಲೆ ಬಿಳಿ ಹುಡಿ ಉದುರತೊಡಗಿತು. ಒಳಗೆ ಓಡಿ ಅವಳ ರಟ್ಟೆ ಹಿಡಿದೆ. "ಬಂದ್ಯಾ? ನಿಂದ್ರು," ಎಂದು ಅವಳು ಸರಿದು ನನಗೂ ಜಾಗ ಮಾಡಿದಳು. ಅಷ್ಟರಲ್ಲಿ ನೆಲ ಮತ್ತೆ ಗುಡುಗಿತು.

ಆ ದಿನ ಕಲ್ಲು ಬೀಳಲಿಲ್ಲ. ಛಾವಣಿಯ ಬಗ್ಗೆ ಯಾರೇ ಎಚ್ಚರಿಸಿದರೂ ಅಕ್ಕ ಈಗ ಸಾಕ್ಷಿಯೊಂದನ್ನು ಮುಂದಿಡುತ್ತಾಳೆ: "ಮಸ್ಕತ್‌ದಾಗ ಇದನ್ನೇ ಕಲ್ತು ಬಂದಾನ ನನ್ನ ತಮ್ಮ. ಅಂವಾ ಸುದ್ದಾ ಇದರ ಬುಡಕೇ ನಿಂತಿದ್ದ."