ತಡಮಾಡಿದವನು ನಿಮ್ಮ ತಮ್ಮನಲ್ಲ

ಶರಣಮ್ಮಕ್ಕ, ನಿಮ್ಮ ಹೊಲದ ಮೇಲ್ಮನವಿಯ ಗಡುವು ಅಂದು ಮುಗಿದಿರಲಿಲ್ಲ. ಇನ್ನೂ ಹನ್ನೊಂದು ದಿನ ಉಳಿದಿತ್ತು. ಮುಗಿದಿದೆ ಎಂದು ನಾನು ಸುಳ್ಳು ಹೇಳಿದೆ.

ಆಗ ನಾನು ನಿಮ್ಮ ಕೇಸು ನಡೆಸುತ್ತಿದ್ದ ಕಮಲಾಪುರದ ಸಣ್ಣ ವಕೀಲ—ಶಾಸಕನಾಗುವ ಆಸೆ ಹೊತ್ತವನು. ನಿಮ್ಮ ಮೇಲೆ ಕೇಸು ಗೆದ್ದಿದ್ದ ಗೌಡರ ಮಾತು ಪಕ್ಷದಲ್ಲಿ ನಡೆಯುತ್ತಿತ್ತು. ಒಂದು ಮಧ್ಯಾಹ್ನ ಅವರು ನನ್ನ ಕಚೇರಿಗೆ ಬಂದು, ಚಹಾ ಕುಡಿದು, ಇಷ್ಟೇ ಹೇಳಿದರು: “ಟಿಕೇಟು ನಿಮಗೇ ಕೊಡಸ್ತೇನಿ ವಕೀಲ್ರ. ಆ ಕೇಸು ಇಲ್ಲಿಗೇ ನಿಲ್ಲಲಿ.” ನಾನು ಹೂಂ ಎನ್ನಲಿಲ್ಲ—ಬೇಡ ಎಂದೂ ಅನ್ನಲಿಲ್ಲ.

ಮರುದಿನ ನಿಮ್ಮ ತಮ್ಮ ಭೀಮಣ್ಣ ತೀರ್ಪಿನ ನಕಲು ತಂದ. ನಂದೂರದ ಬೇಳೆ ಮಿಲ್ಲಿನಲ್ಲಿ ರಜೆ ಸಿಗದೆ, ಹೇಳಿದ್ದಕ್ಕಿಂತ ನಾಲ್ಕು ದಿನ ತಡವಾಗಿ ಬಂದಿದ್ದ. ಆ ನಾಲ್ಕು ದಿನವೇ ನನಗೆ ನೆಪವಾಯಿತು. ನೀವು ಬಂದಾಗ ಹೇಳಿದೆ: “ನಿಮ್ಮ ತಮ್ಮ ಕಾಗದ ತಡಾ ಮಾಡಿ ತಂದಾನ್ರೀ ಅಕ್ಕಾ. ಇನ್ನ ಏನೂ ಮಾಡಾಕ ಬರಂಗಿಲ್ಲ.”

ನೀವು ಅಳಲಿಲ್ಲ. “ಅಂವಾ ಹಿಂಗ ಮಾಡಿದನೇನ್ರೀ?” ಎಂದು ಕೇಳಿದಿರಿ. ಹೌದು ಎಂದೆ. ಆ ಒಂದು ಪದ...

ಹೊಲ ಹೋಯಿತು. ನಾನು ಎರಡು ಬಾರಿ ಶಾಸಕನಾದೆ. ನೀವು ತಮ್ಮನ ಹೊಸಿಲು ತುಳಿಯಲಿಲ್ಲ. ಅವನೊಮ್ಮೆ ಕಲಬುರಗಿಯ ನನ್ನ ಮನೆಗೆ ಬಂದಿದ್ದ. “ತಡಾ ಮಾಡಿದ್ದು ಖರೇರಿ ಸಾಹೇಬ್ರ. ನಂದ ತಪ್ಪು. ಮಾತಾಡು ಅಂತ ಅಕ್ಕಗ ನೀವರ ಹೇಳ್ರಿ” ಎಂದ. ತನ್ನದಲ್ಲದ ತಪ್ಪನ್ನು ಅವನು ಒಪ್ಪಿಕೊಳ್ಳುತ್ತಿದ್ದ—ನನ್ನೆದುರಿಗೆ. ನೋಡೋಣ ಎಂದು ಕಳಿಸಿಬಿಟ್ಟೆ.

ಈಗ ನನ್ನ ಮನೆಗೆ ಯಾರೂ ಬರುವುದಿಲ್ಲ. ಅಧಿಕಾರದೊಡನೆ ಜನ ಹೋದರು, ಹೆಂಡತಿ ತೀರಿದ ಮೇಲೆ ಮನೆಯಲ್ಲಿ ಮಾತೂ ಹೋಯಿತು. ದಿನವಿಡೀ ನನ್ನ ದನಿಯನ್ನೇ ನಾನು ಕೇಳದ ದಿನಗಳಿವೆ. ಅದನ್ನು ಶಿಕ್ಷೆ ಎನ್ನಲಾರೆ—ನೀವೂ ಹಾಗೆಯೇ ಬದುಕಿದಿರಿ, ಯಾವ ತಪ್ಪೂ ಇಲ್ಲದೆ.

ಕಳೆದ ವಾರ ಭೀಮಣ್ಣ ತೀರಿಕೊಂಡನೆಂದು ತಿಳಿದು ಅವನ ಊರು ತಾಜಸುಲ್ತಾನಪುರಕ್ಕೆ ಹೋದೆ. ನೀವು ಅವನ ಅಂಗಳದ ಹೊರಗೆ ಬಿಸಿಲಿನಲ್ಲಿ ನಿಂತಿದ್ದಿರಿ. ಅವನ ಮಗಳು ಬಂದು, “ಒಳಗ ಬಾ ಅತ್ತಿ, ಒಮ್ಮೆ ಮುಖ ನೋಡು” ಎಂದಳು. ನೀವು ಹೋಗಲಿಲ್ಲ. ನನ್ನನ್ನು ಕಂಡು ಕೈಮುಗಿದಿರಿ. ಅಲ್ಲೇ ನಿಜ ಹೇಳಿದ್ದರೆ ತಮ್ಮನ ಮುಖವನ್ನಾದರೂ ನೋಡುತ್ತಿದ್ದಿರಿ. ನಾನೂ ಕೈಮುಗಿದೆ, ಅಷ್ಟೇ.

ಕ್ಷಮೆ ಕೇಳಲು ಈ ಪತ್ರ ಬರೆದಿಲ್ಲ. ನಾಳೆ ಬೆಳಗಿನ ಬಸ್ಸಿಗೆ ಕಮಲಾಪುರದ ನಿಮ್ಮ ಮನೆಗೆ ಬರುತ್ತೇನೆ. ಅವನ ಮಗಳಿಗೂ ಬರಲು ಹೇಳಿದ್ದೇನೆ. ಇಬ್ಬರೆದುರಿಗೂ ಇದನ್ನು ಓದುತ್ತೇನೆ. ಆಮೇಲೆ ನೀವು ಅವಳನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿಕೊಳ್ಳಿ. ನಾನು ಹೊರಗಿನಿಂದಲೇ ಹೋಗುತ್ತೇನೆ.