ಕುಳ್ಳಾಚಾರಿ ಕೆತ್ತಿದ ಮಠದ ಹಲಗೆ

ಪಟ್ಟಣದಲ್ಲಿ ಸುಲ್ತಾನರ ಆಳ್ವಿಕೆಯಿದ್ದಾಗ ಕ್ಯಾತನಹಳ್ಳಿಯ ಕುಳ್ಳಾಚಾರಿ ಬೆಲ್ಲದ ಅಚ್ಚು ಮಾಡುವುದರಲ್ಲಿ ಎತ್ತಿದ ಕೈ. ಮರದ ಅಚ್ಚಿನೊಳಗೆ ಆಲೆಮನೆ ಯಜಮಾನರ ಹೆಸರು ಕೆತ್ತುತ್ತಿದ್ದ. ಬಿಸಿ ಪಾಕ ಹೊಯ್ದು ಆರಿಸಿದರೆ ಬೆಲ್ಲದ ಮೇಲೆ ಹೆಸರು ಮುದ್ದಾಗಿ ಮೂಡುತ್ತಿತ್ತು. ನಾಮದವರು, ವಿಭೂತಿಯವರು, ಎಲ್ಲರೂ ಅವನ ಗಿರಾಕಿಗಳೇ.

ಅಂಥವನನ್ನು ಊರ ಮಠ ಪೇಚಿಗೆ ಸಿಕ್ಕಿಸಿತು. ಮಠವೆಂದರೆ ಜಗಲಿ ಮೇಲಿನ ಶಾಲೆ. ನೆಲದ ತುಂಬ ಮರಳು ಹರಡಿ ಮಕ್ಕಳು ಬೆರಳಲ್ಲಿ ಅಕ್ಷರ ತಿದ್ದುತ್ತಿದ್ದರು. ಗೋಡೆಗೊಂದು ದೇವರ ಹೆಸರಿನ ಹಲಗೆ ಇರಲೆಂದು ಪಾಠ ಹೇಳುವ ಐಗಳು ತಮ್ಮಯ್ಯನವರಿಗೆ ಹೊಳೆದು, ಅವರು ಕೆಲಸವನ್ನು ಕುಳ್ಳಾಚಾರಿಗೆ ಒಪ್ಪಿಸಿದ್ದೇ ತಡ, ನಾಮದ ಕರಿಯಪ್ಪ ಅವನ ಬಳಿ ಬಂದು ನಾರಾಯಣನ ಹೆಸರೇ ಆಗಬೇಕೆಂದ. ಅವನು ಹೋದ ಮೇಲೆ ವಿಭೂತಿಯ ಸಿದ್ದಲಿಂಗಮ್ಮ ಬಂದು ಶಿವನದೇ ಆಗಬೇಕೆಂದಳು. ತಪ್ಪಿದರೆ ಮುಂದಿನ ಅಚ್ಚೆಲ್ಲ ಸಂತೆಬಾಚಹಳ್ಳಿಯ ಆಚಾರಿಗೇ ಎಂದು ಇಬ್ಬರೂ ಹೆದರಿಸಿದರು.

ಕುಳ್ಳಾಚಾರಿಗೆ ಅನ್ನ ಇಳಿಯಲಿಲ್ಲ. ಕೊನೆಗೆ ಗಣಪತಿಯೇ ಗತಿ ಎಂದುಕೊಂಡ. ಶಿವನಿಗೆ ಮಗ, ನಾರಾಯಣನಿಗೆ ತಂಗಿಯ ಮಗ. ಯಾರು ತಕರಾರು ತೆಗೆದಾರು? ಜಗಲಿಯಷ್ಟೇ ಉದ್ದದ ಹಲಗೆಯಲ್ಲಿ ಆಳವಾಗಿ ಕೆತ್ತಿದ.

ಊರವರೆದುರು ಐಗಳು ಹಲಗೆಯ ಬಟ್ಟೆ ಸರಿಸಿ ಓದಲೆಂದು ಬಾಯಿ ತೆರೆದರು. ಬಾಯಿ ತೆರೆದೇ ಇತ್ತು. ಅಚ್ಚು ಕೆತ್ತಿ ಅಭ್ಯಾಸವಾದ ಕೈ, ಅಕ್ಷರಗಳನ್ನೆಲ್ಲ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿಬಿಟ್ಟಿತ್ತು. ಓದಲು ಬರಲಿಲ್ಲ ಎನ್ನುವ ಬದಲು ಐಗಳು, ಇದು ಬಹಳ ಹಳೆಯ ಲಿಪಿ ಎಂದರು.

"ನಾರಾಯಣ ಅಂತ ತಾನೇ ಇರಾದು?" ಎಂದ ಕರಿಯಪ್ಪ.

"ಕಣ್ಗೇನ್ ಬಂದದ್ಲಾ ನಿಂಗೆ? ಅದು ಶಿವ ಕಣ್ಲಾ," ಎಂದಳು ಸಿದ್ದಲಿಂಗಮ್ಮ.

ಇಬ್ಬರೂ ಕುಳ್ಳಾಚಾರಿಯ ಕಡೆ ತಿರುಗಿದರು. ಆದರೆ ಬಾಯಿ ಬಿಟ್ಟವಳು ಅವನ ಹೆಂಡತಿ ವೆಂಕಟಮ್ಮ: "ಬೆಲ್ಲದಚ್ಚು ಕೆತ್ತಿ ಕೆತ್ತಿ ಈವಯ್ಯನ ಕೈ ಅಂಗೇ ಓಡ್ಬುಟ್ಟದೆ. ಮರಳ್ ಮ್ಯಾಲೆ ಒತ್ತಿ ನೋಡ್ರಪ್ಪ."

ಮರಳಿಗೆ ನೀರು ಚಿಮುಕಿಸಿ, ನಾಲ್ಕು ಜನ ಹಲಗೆ ಹೊತ್ತು ಒತ್ತಿದರು. ಎತ್ತಿದರೆ ‘ಶ್ರೀ ಗಣಾಧಿಪತಯೇ ನಮಃ’ ಉಬ್ಬಿ ನಿಂತಿತ್ತು.

"ನಮ್ ಶಿವನ್ ಮಗ," ಎಂದು ಸಿದ್ದಲಿಂಗಮ್ಮ ಕೈಮುಗಿದಳು. ನಮ್ಮ ನಾರಾಯಣನ ಸೋದರಳಿಯ ಎಂದು ಕರಿಯಪ್ಪನೂ ಮುಗಿದ. ಇಬ್ಬರೂ ಅಲ್ಲೇ ಹೊಸ ಅಚ್ಚು ಮಾಡಿಕೊಡಲು ಹೇಳಿದರು. ಕುಳ್ಳಾಚಾರಿಗೆ ಹೋದ ಜೀವ ಬಂತು.

ಆದರೆ ದೇವರ ಹೆಸರನ್ನು ತುಳಿಯುವವರಾರು, ಅಳಿಸುವವರಾರು? ಜಗಲಿಗೆ ಹೂವು, ದೀಪ ಬಂದವು. ಮಕ್ಕಳು ಎದುರಿನ ಹುಣಸೆಮರದ ಬುಡಕ್ಕೆ ಹೋದರು. ವಾರ ಕಳೆದು ಐಗಳು ಮತ್ತೆ ಆಚಾರಿಯನ್ನು ಕರೆದು, ಈ ಮರಕ್ಕೂ ಒಂದು ಹಲಗೆಯಿದ್ದರೆ ಲಕ್ಷಣವಾಗಿರುತ್ತದೆ ಎಂದರು.

ಕುಳ್ಳಾಚಾರಿ ಉಳಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. "ಆಮ್ಯಾಕೆ ಮಕ್ಳು ಎಲ್ಲಿಗೋಗವು ಐಗಳೇ?"